ನೇತ್ರಾವತಿ ದಾಟಿ ಉಳ್ಳಾಲಕ್ಕೆ: ಮನೆ ಬದಲಿಸುವವರು ತಿಳಿದಿರಬೇಕಾದ ಕಾನೂನು

ಮಂಗಳೂರಿನ ಜೆಪ್ಪಿನಮೊಗರಿನಿಂದ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ ದಾಟಿದರೆ ಕಲ್ಲಾಪು, ಅಲ್ಲಿಂದ ಮುಂದೆ ತೊಕ್ಕೊಟ್ಟು. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಮುಡಿಪುವಿನ ಐಟಿ ಕ್ಯಾಂಪಸ್ ಇವೆಲ್ಲ ಇರುವುದು ನೇತ್ರಾವತಿಯ ಈ ದಕ್ಷಿಣ ದಡದಲ್ಲೇ. ನಗರದಿಂದ ಇತ್ತ ಮನೆ ಬದಲಿಸುವ ಕುಟುಂಬಕ್ಕೆ ಜಿಲ್ಲೆ ಬದಲಾಗುವುದಿಲ್ಲ. ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರವೂ ಅದೇ, ಮಂಗಳೂರು ನಗರ ಪೊಲೀಸ್ ಕಮಿಷನರೇಟೂ ಅದೇ. ಬದಲಾಗುವುದು ತಾಲ್ಲೂಕು, ವಿಧಾನಸಭಾ ಕ್ಷೇತ್ರ ಮತ್ತು ಸ್ಥಳೀಯ ಸಂಸ್ಥೆ. ಹೊಳೆಯ ಆಚೆ ದಡವಷ್ಟೇ ಎಂದು ದಾಖಲೆ ತಿದ್ದಿಸದೆ ಉಳಿದವರಿಗೆ ತೊಂದರೆ ಗೊತ್ತಾಗುವುದು ಮತಗಟ್ಟೆಯಲ್ಲಿ ಹೆಸರು ಸಿಗದಿದ್ದಾಗ, ಇಲ್ಲವೇ ಮನೆ ಕಟ್ಟಲು ಪರವಾನಗಿ ಕೇಳಲು ಹೋದಾಗ. ಹಕ್ಕುಗಳು ವ್ಯಕ್ತಿಯ ಜೊತೆಗೇ ಬರುತ್ತವೆ. ದಾಖಲೆಗಳು ತಾವಾಗಿ ಬರುವುದಿಲ್ಲ.

ಮೊದಲು ಖಚಿತಪಡಿಸಿಕೊಳ್ಳಬೇಕಾದದ್ದು ಹೊಸ ಮನೆ ಯಾವ ಸ್ಥಳೀಯ ಸಂಸ್ಥೆಗೆ ಸೇರಿದೆ ಎಂಬುದನ್ನು. ನಗರದಲ್ಲಿ ಎಲ್ಲಕ್ಕೂ ಮಹಾನಗರ ಪಾಲಿಕೆ ಒಂದೇ. ಇತ್ತ ಉಳ್ಳಾಲಕ್ಕೆ ನಗರಸಭೆ, ಸೋಮೇಶ್ವರಕ್ಕೆ ಪುರಸಭೆ, ಕೋಟೆಕಾರಿಗೆ ಪಟ್ಟಣ ಪಂಚಾಯಿತಿ. ಹರೇಕಳ, ಪಾವೂರು, ಕೊಣಾಜೆಯಂಥ ಕಡೆ ಗ್ರಾಮ ಪಂಚಾಯಿತಿ. ಒಂದೇ ರಸ್ತೆಯ ಎರಡು ಬದಿಯ ಮನೆಗಳು ಎರಡು ಸಂಸ್ಥೆಗಳಿಗೆ ತೆರಿಗೆ ಕಟ್ಟುವುದೂ ಉಂಟು. ಅಂಚೆ ವಿಳಾಸ ನೋಡಿ ಇದನ್ನು ಊಹಿಸಬಾರದು. ಮನೆಯ ಡೋರ್ ನಂಬರ್ ಮತ್ತು ಇತ್ತೀಚಿನ ತೆರಿಗೆ ರಸೀದಿಯಲ್ಲಿ ಯಾರ ಮುದ್ರೆ ಇದೆಯೋ ಅದೇ ಸಂಸ್ಥೆ. ಪಾಲಿಕೆಗೆ 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, ಪುರಸಭೆ ಮತ್ತು ನಗರಸಭೆಗಳಿಗೆ 1964ರ ಮುನಿಸಿಪಾಲಿಟಿ ಕಾಯ್ದೆ, ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಅನ್ವಯವಾಗುತ್ತದೆ. ಆದ್ದರಿಂದ ತೆರಿಗೆ, ಪರವಾನಗಿ, ಮೇಲ್ಮನವಿ ಎಲ್ಲದರ ದಾರಿಯೂ ಬೇರೆಬೇರೆ.

ಬಾಡಿಗೆಗೆ ಹೋಗುವವರಿಗೆ ಎಲ್ಲ ದಾಖಲೆಗೂ ಬುನಾದಿ ಬಾಡಿಗೆ ಕರಾರು ಪತ್ರ. ಒಂದು ವರ್ಷ ಮೀರಿದ ಅವಧಿಯ ಗೇಣಿಯನ್ನು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಕಡ್ಡಾಯವಾಗಿ ನೋಂದಾಯಿಸಬೇಕು. 11 ತಿಂಗಳ ಕರಾರು ಎಲ್ಲೆಡೆ ಬಳಕೆಗೆ ಬಂದದ್ದು ಇದೇ ಕಾರಣಕ್ಕೆ. ನೋಂದಣಿ ಬೇಕಾದ ಕರಾರನ್ನು ನೋಂದಾಯಿಸದೆ ಬಿಟ್ಟರೆ ಅದರ ಷರತ್ತುಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಡಲಾಗದು. 11 ತಿಂಗಳ ಕರಾರಾದರೂ ಸರಿಯಾದ ಸ್ಟಾಂಪ್ ಕಾಗದದಲ್ಲೇ ಇರಬೇಕು. ಮುಂಗಡ ಎಷ್ಟು, ಮನೆ ಬಿಟ್ಟ ಎಷ್ಟು ದಿನದಲ್ಲಿ ವಾಪಸು, ಬಣ್ಣಕ್ಕೆ ಮತ್ತು ದುರಸ್ತಿಗೆ ಎಷ್ಟು ಹಿಡಿಯುವುದು, ಬಾವಿಯ ನೀರೋ ನಳ್ಳಿ ನೀರೋ, ಕರೆಂಟ್ ಬಿಲ್ ಯಾರ ಹೆಸರಲ್ಲಿ ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಮುಂಗಡವನ್ನು ನಗದಾಗಿ ಕೊಡುವುದಕ್ಕಿಂತ ಬ್ಯಾಂಕ್ ಮೂಲಕ ಕೊಡುವುದು ಲೇಸು. ಮುಂದೆ ವಿವಾದವಾದರೆ ಅದೇ ಸಾಕ್ಷಿ.

1999ರ ಕರ್ನಾಟಕ ಬಾಡಿಗೆ ಕಾಯ್ದೆಯಿಂದ ನಿಗದಿತ ಮಿತಿಗಿಂತ ಹೆಚ್ಚು ಬಾಡಿಗೆಯ ಮನೆಗಳು ಹೊರಗಿವೆ. ಆ ಮಿತಿ ಬಹಳ ಕಡಿಮೆ. ಹಾಗಾಗಿ ಇಂದಿನ ಬಹುಪಾಲು ಬಾಡಿಗೆ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ವಾಸವನ್ನು ಕೊನೆಗಾಣಿಸಲು ಯಾವ ಕಡೆಯವರೇ ಆಗಲಿ 15 ದಿನಗಳ ನೋಟಿಸ್ ಕೊಡಬೇಕು. ನೋಟಿಸ್ ಅವಧಿ ಮುಗಿದರೂ ಮಾಲೀಕರು ಬೀಗ ಒಡೆದು ಸಾಮಾನು ಹೊರಗಿಡುವಂತಿಲ್ಲ. ತೆರವಿಗೆ ನ್ಯಾಯಾಲಯದ ಆದೇಶವೇ ಬೇಕು. ಹಾಗೆ ಬಲವಂತವಾಗಿ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು.

ಮನೆ ಸೇರಿದ ಮೇಲೆ ಮೊದಲು ಆಧಾರ್ ವಿಳಾಸ ತಿದ್ದಿಸಿದರೆ ಉಳಿದ ಕೆಲಸ ಹಗುರ. ಸ್ವಂತ ಹೆಸರಲ್ಲಿ ವಿಳಾಸದ ದಾಖಲೆ ಇಲ್ಲದ ಮಡದಿ, ಮಕ್ಕಳು, ತಂದೆ ತಾಯಿಗೆ ಕುಟುಂಬದ ಮುಖ್ಯಸ್ಥರ ವಿಳಾಸದ ಆಧಾರದಲ್ಲೇ ಬದಲಿಸಿಕೊಳ್ಳಲು ಅವಕಾಶವಿದೆ. ಸಂಬಂಧ ತೋರಿಸುವ ದಾಖಲೆ ಕೊಡಬೇಕು, ಮುಖ್ಯಸ್ಥರು 30 ದಿನಗಳೊಳಗೆ ಆನ್‌ಲೈನ್‌ನಲ್ಲಿ ಒಪ್ಪಿಗೆ ನೀಡಬೇಕು.

ಮತದಾರರ ಪಟ್ಟಿಯ ಕೆಲಸವನ್ನು ಮುಂದೂಡುವವರೇ ಹೆಚ್ಚು. ವಾಸ ಬದಲಿಸಿದವರು ಹೊಸದಾಗಿ ಹೆಸರು ಸೇರಿಸುವ ನಮೂನೆ 6ನ್ನು ತುಂಬಬಾರದು. ವಿಳಾಸ ಬದಲಾವಣೆಗೆ ಇರುವುದು ನಮೂನೆ 8. ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್, ಆ್ಯಪ್ ಅಥವಾ ಮತಗಟ್ಟೆ ಅಧಿಕಾರಿಯ ಮೂಲಕ ಇದನ್ನು ಉಚಿತವಾಗಿ ಸಲ್ಲಿಸಬಹುದು. ಇಲ್ಲಿ ಬಹುಮಂದಿ ಎಡವುವುದು ಕ್ಷೇತ್ರದ ಹೆಸರಿನಲ್ಲಿ. ಪಟ್ಟಿಯಲ್ಲಿ 203 ‘ಮಂಗಳೂರು ನಗರ ದಕ್ಷಿಣ’, 204 ಬರಿಯ ‘ಮಂಗಳೂರು’. ಆಡುಮಾತಿನಲ್ಲಿ ಉಳ್ಳಾಲ ಕ್ಷೇತ್ರ ಎನ್ನುವುದು ಈ 204ನ್ನೇ. ಉಳ್ಳಾಲ ಎಂಬ ಹೆಸರನ್ನು ಹುಡುಕುತ್ತ, ಸಿಗದೆ, ಹಳೆಯ ನಗರ ದಕ್ಷಿಣವನ್ನೇ ಒತ್ತಿಬಿಟ್ಟರೆ ಅರ್ಜಿ ವ್ಯರ್ಥ.

1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 17 ಮತ್ತು 18ನೇ ಕಲಮುಗಳಂತೆ ಯಾರೂ ಎರಡು ಕ್ಷೇತ್ರಗಳಲ್ಲಿ, ಅಥವಾ ಒಂದೇ ಕ್ಷೇತ್ರದಲ್ಲಿ ಎರಡು ಬಾರಿ ಹೆಸರು ಇಟ್ಟುಕೊಳ್ಳುವಂತಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ ಇಲ್ಲವೇ ದಂಡ ಇದೆ. ಹೆಸರು ಸೇರಲು ಬೇಕಾದ ಅರ್ಹತೆ ‘ಸಾಮಾನ್ಯ ವಾಸ’. ಹಳೆಯ ಕಡೆ ಸ್ವಂತ ಮನೆ ಉಳಿದಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ಮತದಾರರಾಗಿ ಉಳಿಯಲಾಗದು. ಇಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ ಎಂಬ ಕಾರಣಕ್ಕೆ ಹಕ್ಕು ಕಡಿಮೆಯೂ ಆಗದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾರ ಹೆಸರನ್ನೂ ಸೇರಿಸುವುದಿಲ್ಲ. ಅರ್ಜಿ ತಿರಸ್ಕೃತವಾದರೆ ಜಿಲ್ಲಾಧಿಕಾರಿಗೆ, ಅಲ್ಲಿಯೂ ಸರಿಹೋಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಪಡಿತರ ಚೀಟಿಯ ವಿಳಾಸ ಬದಲಾಗುವವರೆಗೆ ಅಕ್ಕಿ ನಿಲ್ಲುತ್ತದೆ ಎಂದು ಹೆದರಬೇಕಾಗಿಲ್ಲ. ಬಯೋಮೆಟ್ರಿಕ್ ಕೊಟ್ಟು ಬೇರೆ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಪಡೆಯುವ ವ್ಯವಸ್ಥೆ ಜಾರಿಯಲ್ಲಿದೆ. ಮಕ್ಕಳ ಶಾಲೆಯ ವಿಷಯಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಂತೆ ಎಂಟನೇ ತರಗತಿಯವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಪಡೆಯಬಹುದು. ಹಳೆಯ ಶಾಲೆಯವರು ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು, ಟಿಸಿ ತಡವಾಯಿತೆಂದು ಹೊಸ ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ.

ವಾಹನದ ವಿಷಯದಲ್ಲಿ ನೋಂದಣಿ ಸಂಖ್ಯೆ ಅದೇ ಉಳಿದರೂ ಮೋಟಾರು ವಾಹನ ಕಾಯ್ದೆಯ 49ನೇ ಕಲಮಿನಂತೆ ಹೊಸ ವಿಳಾಸವನ್ನು 30 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಇಲ್ಲದಿದ್ದರೆ ದಂಡದ ನೋಟಿಸುಗಳೆಲ್ಲ ಹಳೆಯ ಮನೆಗೆ ಹೋಗುತ್ತವೆ. ಕಾಸರಗೋಡಿನಿಂದ ಕೇರಳ ನೋಂದಣಿಯ ವಾಹನದೊಂದಿಗೆ ಬಂದು ದೇರಳಕಟ್ಟೆ, ತೊಕ್ಕೊಟ್ಟಿನಲ್ಲಿ ನೆಲೆಸಿದವರಿಗೆ ಮಾತ್ರ ನಿಯಮ ಬೇರೆ: 12 ತಿಂಗಳು ಮೀರಿ ವಾಹನ ಇಲ್ಲೇ ಉಳಿದರೆ ಕರ್ನಾಟಕದ ನೋಂದಣಿ ಸಂಖ್ಯೆ ಪಡೆಯಬೇಕು. ಉಚ್ಚಿಲ, ತಲಪಾಡಿ ಕಡೆ ಮನೆ ಮಾಡಿದವರು ದಿನವೂ ಟೋಲ್ ದಾಟುವುದಿದ್ದರೆ ಟೋಲ್‌ಗೇಟಿನಿಂದ 20 ಕಿ.ಮೀ. ಒಳಗಿನ ಖಾಸಗಿ ವಾಹನಗಳಿಗಿರುವ ಮಾಸಿಕ ಪಾಸಿನ ಬಗ್ಗೆ ವಿಚಾರಿಸಬೇಕು. ಅದಕ್ಕೂ ಹೊಸ ವಿಳಾಸದ ದಾಖಲೆಯೇ ಬೇಕು.

ಜಾಗ ಅಥವಾ ಮನೆ ಕೊಳ್ಳುವವರ ಹೊಣೆ ಇದಕ್ಕಿಂತ ಬಹಳ ದೊಡ್ಡದು. ಖಾತೆ ಇದ್ದರೆ ಜಾಗ ಅವರದೇ ಎಂಬ ನಂಬಿಕೆ ತಪ್ಪು. ಖಾತೆ ತೆರಿಗೆಯ ದಾಖಲೆ, ಒಡೆತನದ ಪತ್ರವಲ್ಲ. ಒಡೆತನ ತಿಳಿಯಲು ಕ್ರಯಪತ್ರ, ಪಾಲುಪಟ್ಟಿ, ದಾನಪತ್ರಗಳ ಸರಣಿಯನ್ನು ಮೂಲದಿಂದ ಓದಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಬೇಕು. ವ್ಯವಹಾರಗಳು ಕಂಡುಬಂದರೆ ಅದು ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಇಸಿಯಲ್ಲಿ ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ನ್ಯಾಯಾಲಯದಲ್ಲಿರುವ ಪಾಲಿನ ದಾವೆ, ಬಾಯಿಮಾತಿನ ಕರಾರು ಅದರಲ್ಲಿ ಇರುವುದಿಲ್ಲ.

ದಕ್ಷಿಣ ಕನ್ನಡದ ಪಹಣಿ ಓದುವಾಗ ಒಂದೆರಡು ಪದಗಳ ಮೇಲೆ ಕಣ್ಣು ನಿಲ್ಲಬೇಕು. ಮೂಲಗೇಣಿ ಎಂದಿದ್ದರೆ ಮಾರುವವರಲ್ಲಿ ಇರುವುದು ಶಾಶ್ವತ ಗೇಣಿಯ ಹಕ್ಕು. ಮೇಲೊಬ್ಬ ಮೂಲಿದಾರರು, ಅಂದರೆ ಮೂಲ ಒಡೆಯರು ಇದ್ದಾರೆ, ಗೇಣಿಚೀಟಿಯ ಷರತ್ತುಗಳೂ ಇವೆ. ಕುಮ್ಕಿ ಎಂದರೆ ವರ್ಗದ, ಅಂದರೆ ಖಾಸಗಿ ಪಟ್ಟಾ ಜಮೀನಿಗೆ ತಾಗಿದ ಸರ್ಕಾರಿ ಜಾಗ. ವರ್ಗದಾರರಿಗೆ ಅಲ್ಲಿ ಸೊಪ್ಪು, ಸೌದೆಯಂಥ ಅನುಭೋಗದ ಸವಲತ್ತು ಇದೆಯೇ ಹೊರತು ಮಾರುವ ಹಕ್ಕಿಲ್ಲ. ‘ಹತ್ತು ಸೆಂಟ್ಸ್ ವರ್ಗ, ಜೊತೆಗೆ ಐದು ಸೆಂಟ್ಸ್ ಕುಮ್ಕಿ’ ಎಂದು ಮಧ್ಯವರ್ತಿ ಹೇಳಿದರೆ ಕಾನೂನಿನಲ್ಲಿ ಕ್ರಯಕ್ಕೆ ಸಿಗುವುದು ಹತ್ತು ಸೆಂಟ್ಸ್ ಮಾತ್ರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. ಎಷ್ಟು ಕೈ ಬದಲಾಗಿದ್ದರೂ ಕೊಂಡವರು ಅದನ್ನು ಕಳೆದುಕೊಳ್ಳಬಹುದು.

ಕೃಷಿ ಜಮೀನಿನಲ್ಲಿ ಮನೆ ಕಟ್ಟಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಆಗಿರಬೇಕು. ನಿವೇಶನದ ವಿನ್ಯಾಸಕ್ಕೆ ಯೋಜನಾ ಪ್ರಾಧಿಕಾರದ ಅನುಮೋದನೆ ಇರಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಿವೇಶನವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದ ವ್ಯಾಪ್ತಿಯದಾದರೆ ಇ-ಖಾತೆ ಬೇಕು. ಇವಿಲ್ಲದೆ ಇಂದು ನೋಂದಣಿಯೇ ಆಗುವುದಿಲ್ಲ. ನೋಂದಣಿಯನ್ನು ಜಿಲ್ಲೆಯ ಯಾವ ಉಪನೋಂದಣಾಧಿಕಾರಿ ಕಚೇರಿಯಲ್ಲಾದರೂ ಮಾಡಿಸಬಹುದಾದ್ದರಿಂದ ಸಮೀಪದ ಕಚೇರಿಯ ಸರದಿ ನೋಡಿ ಮಾರಾಟಗಾರರು ಅವಸರ ಮಾಡಿದರೆ ಮಣಿಯಬೇಕಾಗಿಲ್ಲ. ಮಾರ್ಗಸೂಚಿ ದರ ಹಾಗೂ ಶುಲ್ಕದ ಲೆಕ್ಕವನ್ನು ಕಾವೇರಿ ತಂತ್ರಾಂಶದಲ್ಲಿ ಮೊದಲೇ ನೋಡಿಕೊಳ್ಳಬೇಕು. ಬೆಲೆ 50 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಕೊಳ್ಳುವವರೇ ಶೇ 1ರಷ್ಟು ಆದಾಯ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು.

ಹೊಳೆ ಕಾಣುವ, ಕಡಲು ಕಾಣುವ ಜಾಗಕ್ಕೆ ಮನಸೋಲುವ ಮುನ್ನ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಕ್ಷೆ ನೋಡಲೇಬೇಕು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಹೊರಡಿಸಿದ 2019ರ ಸಿಆರ್‌ಝಡ್ ಅಧಿಸೂಚನೆಯಂತೆ ಕಡಲ ಭರತದ ಗೆರೆಯಿಂದ 500 ಮೀಟರ್‌ವರೆಗೆ ಈ ವಲಯ ಹಬ್ಬಿದೆ. ಉಬ್ಬರ ಇಳಿತ ತಾಗುವ ನದಿಯ ದಡದಲ್ಲಿ ಅದು 50 ಮೀಟರ್ ಅಥವಾ ಅಲ್ಲಿನ ನೀರಿನ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ನೇತ್ರಾವತಿಯ ಅಳಿವೆಯ ಆಸುಪಾಸಿಗೂ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲತೀರಕ್ಕೂ ಇದು ಅನ್ವಯ. ಈ ವಲಯದಲ್ಲಿ ಎಲ್ಲ ಕಟ್ಟಡವೂ ನಿಷಿದ್ಧವಲ್ಲ. ಆದರೆ ಜಾಗ ಯಾವ ವರ್ಗದಲ್ಲಿದೆ ಎಂಬುದರ ಮೇಲೆ ಅನುಮತಿ ನಿಂತಿದೆ. ಸ್ಥಳೀಯ ಸಂಸ್ಥೆ ಪರವಾನಗಿ ಕೊಟ್ಟಿದೆ ಎಂಬ ಸಮಾಧಾನ ಇಲ್ಲಿ ಸಾಲದು. ಕೊಚ್ಚಿಯ ಮರಡುವಿನ ವಸತಿ ಸಮುಚ್ಚಯಗಳಿಗೂ ಪಂಚಾಯಿತಿಯ ಪರವಾನಗಿ ಇತ್ತು. ಸಿಆರ್‌ಝಡ್ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟ್ 2019ರಲ್ಲಿ ನೀಡಿದ ಆದೇಶದಂತೆ 2020ರ ಜನವರಿಯಲ್ಲಿ ಅವನ್ನು ಸ್ಫೋಟಿಸಿ ಕೆಡವಲಾಯಿತು. ಮುಂಗಡ ಕೊಡುವ ಮೊದಲೇ ಸರ್ವೆ ನಂಬರ್ ಹಿಡಿದು ಪರಿಸರ ಇಲಾಖೆಯ ಮಂಗಳೂರಿನ ಪ್ರಾದೇಶಿಕ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದಕ್ಕೆ ಖರ್ಚು ಅತ್ಯಲ್ಪ. ಕಡಲ್ಕೊರೆತದ ತೀರದಲ್ಲಿ ಕಾನೂನು ಒಪ್ಪಿದ ಜಾಗವನ್ನೂ ಮಳೆಗಾಲದಲ್ಲೊಮ್ಮೆ ನೋಡಿಯೇ ತೀರ್ಮಾನಿಸುವುದು ವಿವೇಕ.

ಫ್ಲ್ಯಾಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯ ರಕ್ಷಣೆ ಇದೆ. 500 ಚದರ ಮೀಟರ್ ಮೀರಿದ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆ ನೋಂದಣಿಯಾಗದೆ ಜಾಹೀರಾತನ್ನೂ ಕೊಡುವಂತಿಲ್ಲ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಹೇಳಿದ ಅವಧಿಗೆ ಮನೆ ಸಿಗದಿದ್ದರೆ ಬಡ್ಡಿಸಹಿತ ಹಣ ಹಿಂಪಡೆಯಬಹುದು. ಸ್ವಾಧೀನ ಪಡೆದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ತಿಳಿಸಿದ 30 ದಿನಗಳಲ್ಲಿ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು.

ಅರ್ಜಿ ಕೊಟ್ಟ ಮೇಲೆ ಕಚೇರಿಗೆ ಅಲೆಯುವುದು ಅನಿವಾರ್ಯವೇನಲ್ಲ. ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ಯೋಜನೆಯ ವ್ಯಾಪ್ತಿಯ ಸೇವೆಯಾದರೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಕೇಳಿ ಪಡೆಯಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಕಡತ ಎಲ್ಲಿ ನಿಂತಿದೆ ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನಗಳೊಳಗೆ ಉತ್ತರ ಬರಬೇಕು. ಪೊಲೀಸ್ ದೂರಿಗೂ ಅಲೆಯಬೇಕಾಗಿಲ್ಲ. ಸೇತುವೆಯ ಮೇಲೆ ಅಪಘಾತವೋ ಕಳವೋ ಆದಾಗ ‘ಇದು ಆ ದಡದ ಠಾಣೆಗೆ ಸೇರಿದ್ದು’ ಎಂದು ದೂರನ್ನು ಹಿಂದಿರುಗಿಸುವಂತಿಲ್ಲ. ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದೆಂದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಹಕ್ಕು ಬಿಟ್ಟುಕೊಡಬಾರದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ಆದಾಯ ಮಿತಿಯೊಳಗಿದ್ದರೆ ಸಿಗುತ್ತದೆ. ಮಂಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಹೊಳೆಯ ಎರಡೂ ದಡದವರಿಗೆ ಲಭ್ಯ. ಉಚಿತ ಸಹಾಯವಾಣಿ ಸಂಖ್ಯೆ 15100.