ಪ್ರೌಢಶಾಲೆಯಲ್ಲಿ ಸಂಗೀತದ ಉನ್ನತ ವ್ಯಾಸಂಗ

ಸಂಗೀತವೆಂದರೆ ವಿರಾಮಕಾಲದ ವಿನೋದ, ಪ್ರಾರ್ಥನೆಗೂ ವಾರ್ಷಿಕೋತ್ಸವಕ್ಕೂ ಬೇಕಾದ ಅಲಂಕಾರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗಣಿತ, ಚರಿತ್ರೆಗಳಂತೆ ಅದೂ ಕ್ರಮವಾಗಿ ಅಭ್ಯಸಿಸಬೇಕಾದ ಶಾಸ್ತ್ರವೆಂದು ತೋರಿಸುವುದು ಈ ಲೇಖನದ ಉದ್ದೇಶ.

ನಮ್ಮ ರಾಜ್ಯದ ಪಿ.ಯು. ತರಗತಿಗಳಲ್ಲಿ ಕರ್ನಾಟಕ ಸಂಗೀತವೂ ಹಿಂದೂಸ್ತಾನಿ ಸಂಗೀತವೂ ಐಚ್ಛಿಕ ವಿಷಯಗಳಾಗಿವೆ. ಇದಲ್ಲದೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳೂ ಬಹುಕಾಲದಿಂದ ನಡೆದುಬಂದಿವೆ. ಮೊದಲ ಹಂತದ ತಳಹದಿಯನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ: ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಆಮೇಲೆ ಅಲಂಕಾರ, ಗೀತೆಗಳು. ಮುಂದಿನ ಹಂತದಲ್ಲಿ ವರ್ಣ, ಕೃತಿಗಳೊಡನೆ ರಾಗತಾಳಗಳ ಲಕ್ಷಣವೂ ಸೇರುತ್ತದೆ. ‘ಹೀಗೆ ಹಾಡುವುದೇಕೆ?’ ಎಂದು ವಿದ್ಯಾರ್ಥಿ ಕೇಳತೊಡಗುವುದು ಇಲ್ಲಿಯೇ.

ಒಂದು ಉದಾಹರಣೆ ನೋಡೋಣ. 17ನೆಯ ಶತಮಾನದಲ್ಲಿ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ 72 ಮೇಳಗಳ ಪದ್ಧತಿಯನ್ನು ನಿರೂಪಿಸಿದನು. ಷಡ್ಜ ಪಂಚಮಗಳು ಸ್ಥಿರ. ರಿಷಭ ಗಾಂಧಾರಗಳು 6 ವಿಧವಾಗಿ ಜೋಡಿಯಾಗುತ್ತವೆ; ಧೈವತ ನಿಷಾದಗಳೂ ಹಾಗೆಯೇ 6 ವಿಧ. ಆರಾರಲ 36. ಶುದ್ಧಮಧ್ಯಮದೊಡನೆ 36, ಪ್ರತಿಮಧ್ಯಮದೊಡನೆ 36, ಒಟ್ಟು 72. ಇಂದು ಬಳಕೆಯಲ್ಲಿರುವ ಮೇಳಗಳ ಹೆಸರಿನಲ್ಲಿಯೇ ಕಟಪಯಾದಿ ಕ್ರಮದಂತೆ ಸಂಖ್ಯೆ ಅಡಗಿದೆ. ‘ಮಾಯಾಮಾಳವಗೌಳ’ದಲ್ಲಿ ಪವರ್ಗದ ಐದನೆಯ ಅಕ್ಷರ ‘ಮ’, ಅಂದರೆ 5; ಯವರ್ಗದ ಮೊದಲನೆಯದು ‘ಯ’, ಅಂದರೆ 1. 51ನ್ನು ತಿರುಗಿಸಿದರೆ 15. ಅದು 15ನೆಯ ಮೇಳ. ‘ಮೇಚಕಲ್ಯಾಣಿ’ಯಲ್ಲಿ ‘ಮ’ 5, ‘ಕ’ದಿಂದ ಎಣಿಸಿದರೆ ‘ಚ’ 6, ತಿರುಗಿಸಿದರೆ 65. ಇದು 36ನ್ನು ಮೀರಿದುದರಿಂದ ಅಲ್ಲಿರುವುದು ಪ್ರತಿಮಧ್ಯಮ. ಬೀಜಗಣಿತ ಓದುವ ಹುಡುಗನಿಗೆ ಇದು ಕಠಿಣವೆ?

ಲಕ್ಷಣವನ್ನು ಪುಸ್ತಕದಿಂದ ಕಲಿಯಬಹುದು, ಲಕ್ಷ್ಯ ಹಾಗಲ್ಲ. ಕಲ್ಯಾಣಿಯ ಗಾಂಧಾರ ಎಲ್ಲಿ ನಿಲ್ಲಬೇಕು, ಎಷ್ಟು ಕಂಪಿಸಬೇಕು ಎಂಬುದು ಗುರುಮುಖದಿಂದಲೇ ಬರಬೇಕು. ನಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ ಹುಟ್ಟಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ (1920–2014) ಅವರಿಗೆ ಮನೆಯಲ್ಲಿಯೇ ಸಂಗೀತವಿತ್ತು, ಅಣ್ಣನೇ ಗುರುವಾದರು. ಅಂಥ ಮನೆಯಲ್ಲಿ ಹುಟ್ಟದವರಿಗೆ ಶಾಲೆಯಲ್ಲದೆ ಬೇರೆ ಗುರುಮನೆ ಎಲ್ಲಿದೆ?

ನಾನು ಮಾದಿಹಳ್ಳಿಯವನು, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ನನ್ನ ತಾಯಿಗೆ ಓದುಬರಹ ತಿಳಿಯದು. ಆದರೆ ಮದುವೆಮನೆಗಳಲ್ಲಿ ಸೋಬಾನೆ ಹೇಳುವಾಗ ಅವರು ಶ್ರುತಿ ಬಿಟ್ಟುದನ್ನು ನಾನು ಕೇಳಿಲ್ಲ. ಅದೇ ಕಂಠ ಪಡೆದ ನನ್ನ ತಂಗಿ ಹೈಸ್ಕೂಲಿನಲ್ಲಿದ್ದಾಳೆ. ಗಣಿತಕ್ಕೆ ಅವಳಿಗೆ ಅಧ್ಯಾಪಕರಿದ್ದಾರೆ, ಸಂಗೀತಕ್ಕಿಲ್ಲ. ಎಷ್ಟೋ ಹಳ್ಳಿಗಳ ಶಾಲೆಗಳ ಸ್ಥಿತಿ ಇದೇ. ಐಚ್ಛಿಕ ವಿಷಯವೆಂದು ಪಟ್ಟಿಯಲ್ಲಿ ಅಚ್ಚಾದರೆ ಸಾಲದು, ಇಚ್ಛಿಸಿದವರಿಗೆ ಅದು ಸಿಗಬೇಕು.

1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ವಾದ್ಯ ನುಡಿಸುವ ಶಿಲಾಮೂರ್ತಿಗಳನ್ನು ಕಂಡು ನಾವು ಹೆಮ್ಮೆಪಡುತ್ತೇವೆ. ಆ ಕಲ್ಲುಗಳ ನೆರೆಯಲ್ಲಿ ಬೆಳೆಯುವ ಮಕ್ಕಳಿಗೆ ಒಂದು ತಂಬೂರಿ, ಒಬ್ಬ ಅಧ್ಯಾಪಕರು, ವಾರಕ್ಕೆ ನಾಲ್ಕು ಪಾಠ ದೊರೆತರೆ ಸಾಕು. ಪದವಿ ಪಡೆದು ಊರಿಗೆ ಹಿಂದಿರುಗುವ ನಾವು ಇದನ್ನು ಕೇಳದಿದ್ದರೆ ಇನ್ನಾರು ಕೇಳಬೇಕು?