'ಆಫ್'ಗೆ ಕನ್ನಡದಲ್ಲಿ ಏನಂತಾರೆ?

ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳಿಗೆ ನಾವು ಕಾಮರ್ಸ್ ಹುಡುಗರು ಹೆದರಬೇಕಾದ್ದಿಲ್ಲ. 'ಡಿಪ್ರಿಸಿಯೇಷನ್' ಎಂದರೆ ಸವಕಳಿ, 'ಪಾರ್ಟ್‌ನರ್‌ಶಿಪ್' ಎಂದರೆ ಪಾಲುದಾರಿಕೆ. ಒಂದು ಸಲ ಬಾಯಿಪಾಠ ಮಾಡಿದರೆ ಕೆಲಸ ಮುಗಿಯಿತು. ನಿಜವಾಗಿ ಕಾಡುವವು ಚೋಟುದ್ದದ ಪದಗಳು: ಆಫ್, ಅಪ್, ಔಟ್, ಡೌನ್. ಒಂಟಿಯಾಗಿದ್ದಾಗ ಇವು ಬಹಳ ಸಾಧು. ಕ್ರಿಯಾಪದದ ಜೊತೆ ಸೇರಿದವೋ, ಅದರ ಅರ್ಥವನ್ನೇ ತಿರುಗಿಸಿಬಿಡುತ್ತವೆ. 'ಪುಟ್' ಅಂದರೆ ಇಡು. 'ಪುಟ್ ಆಫ್' ಅಂದರೆ ಮುಂದಕ್ಕೆ ಹಾಕು. 'ಸೀ' ಅಂದರೆ ನೋಡು. 'ಸೀ ಆಫ್' ಅಂದರೆ ಬೀಳ್ಕೊಡು. 'ಕಾಲ್' ಅಂದರೆ ಕರೆ. 'ಕಾಲ್ ಆಫ್' ಅಂದರೆ ರದ್ದು ಮಾಡು. ಈ ಮೂರರಲ್ಲಿ 'ಆಫ್'ಗೆ ಸಮನಾದ ಕನ್ನಡ ಪದ ಎಲ್ಲಿದೆ ಹೇಳಿ ನೋಡೋಣ. ಎಲ್ಲೂ ಇಲ್ಲ. ಇಂಗ್ಲಿಷ್ ವ್ಯಾಕರಣದಲ್ಲಿ ಇವುಗಳಿಗೆ ಫ್ರೇಸಲ್ ವರ್ಬ್ ಎಂದು ಹೆಸರು. ಇವನ್ನು ಕನ್ನಡಕ್ಕೆ ತರುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ.

ನಾನು ಭಾಷಾಶಾಸ್ತ್ರ ಓದಿದವನಲ್ಲ, ಬಿ.ಕಾಂ. ವಿದ್ಯಾರ್ಥಿ. ಹತ್ತನೆಯ ತರಗತಿಯವರೆಗೆ ಸಿಂಧನೂರು ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮ. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು ನೆಲೆನಿಂತ 'ಕ್ಯಾಂಪು'ಗಳು ನಮ್ಮ ಕಡೆ ಬಹಳ. ಹಾಗಾಗಿ ತೆಲುಗು ನನ್ನ ಕಿವಿಗೆ ಹೊಸದಲ್ಲ. ಈಗ ಓದು ವಿಶಾಖಪಟ್ಟಣದಲ್ಲಿ, ರಜೆ ಬಂದರೆ ವಿಜಯವಾಡದ ಸೋದರಮಾವನ ಮನೆ. ಕ್ಲಾಸಿನಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಪಕ್ಕದ ಬೆಂಚಿನವನು ಅದನ್ನು ತೆಲುಗಿನಲ್ಲಿ ಬಿಡಿಸಿ ಹೇಳುತ್ತಾನೆ. ನಾನು ಕನ್ನಡದಲ್ಲಿ ನೋಟ್ಸಿನ ಅಂಚಿಗೆ ಬರೆದುಕೊಳ್ಳುತ್ತೇನೆ. ಹೀಗೆ ಬರೆದುಕೊಳ್ಳುತ್ತಾ ಹೊಳೆದದ್ದು ಇಷ್ಟು: ಇಂಗ್ಲಿಷು ಸಣ್ಣ ಪದದಿಂದ ಮಾಡಿಸುವ ಕೆಲಸವನ್ನು ಕನ್ನಡ, ತೆಲುಗು ಎರಡೂ ಇನ್ನೊಂದು ಕ್ರಿಯಾಪದದಿಂದ ಮಾಡಿಸುತ್ತವೆ.

'ಬರೆ' ಎಂಬುದನ್ನೇ ತೆಗೆದುಕೊಳ್ಳಿ. ಬರೆದುಕೊಂಡ ಅಂದರೆ ತನಗಾಗಿ ಬರೆದ. ಬರೆದುಕೊಟ್ಟ ಅಂದರೆ ಇನ್ನೊಬ್ಬರಿಗಾಗಿ ಬರೆದ. ಡಾಕ್ಟರು ಚೀಟಿ ಬರೆದುಕೊಡುತ್ತಾರೆ, ಮುದುಕರು ಮಗನಿಗೆ ಹೊಲ ಬರೆದುಕೊಡುತ್ತಾರೆ. ಬರೆದಿಟ್ಟ ಅಂದರೆ ಮುಂದೆ ಬೇಕಾದೀತು ಎಂದು ಬರೆದ. ಬರೆದುಬಿಟ್ಟ ಅಂದರೆ ಮುಗಿಸಿದ, ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಬರೆದುಹಾಕಿದ ಅಂದರೆ ಕೈಗೆ ಬಂದಂತೆ ಬರೆದು ಬಿಸಾಡಿದ. ಪರೀಕ್ಷೆಯಲ್ಲಿ ಕೊನೆಯ ಹತ್ತು ನಿಮಿಷ ನಾವೆಲ್ಲ ಮಾಡುವುದು ಇದನ್ನೇ. ತೆಲುಗಿನವರೂ ಈ ದಾರಿಯಲ್ಲೇ ಇದ್ದಾರೆ: 'ರಾಸುಕುನ್ನಾಡು' ಅಂದರೆ ಬರೆದುಕೊಂಡ, 'ರಾಸಿಚ್ಚಾಡು' ಅಂದರೆ ಬರೆದುಕೊಟ್ಟ, 'ರಾಸೇಶಾಡು' ಅಂದರೆ ಬರೆದುಬಿಟ್ಟ. ಆದರೆ 'ರಾಸಿಪೆಟ್ಟಿ ಉಂದಿ' ಎಂದು ಕೇಳಿ ಯಾರೋ ಲೆಕ್ಕ ಬರೆದಿಟ್ಟಿದ್ದಾರೆ ಎಂದು ತಿಳಿಯಬೇಡಿ. ಅದು ಸಾಮಾನ್ಯವಾಗಿ ಹಣೆಬರಹದ ಮಾತು.

ಆದ್ದರಿಂದ 'ಆಫ್' ಅಂದರೇನು, 'ಅಪ್' ಅಂದರೇನು ಎಂದು ಹುಡುಕುವುದನ್ನು ಬಿಟ್ಟು, ಇಲ್ಲಿ ಬೇಕಾದ್ದು ಬಿಡು, ಕೊಡು, ಕೊಳ್ಳು, ಹೋಗು, ಹಾಕು, ಇಡು, ನೋಡು - ಇವುಗಳಲ್ಲಿ ಯಾವುದು ಎಂದು ಕೇಳಿಕೊಳ್ಳಬೇಕು. ಸಕ್ಕರೆ 'ರನ್ ಔಟ್' ಆದರೆ ಮುಗಿದುಹೋಯಿತು, ತೆಲುಗಿನಲ್ಲಿ 'ಅಯಿಪೋಯಿಂದಿ'. ತಮ್ಮನನ್ನು 'ಲುಕ್ ಆಫ್ಟರ್' ಮಾಡು ಅಂದರೆ ನೋಡಿಕೋ, ಅವರದು 'ಚೂಸುಕೋ'. ಹೊಸ ಅಂಗಿ 'ಟ್ರೈ ಆನ್' ಮಾಡುವುದು ಹಾಕಿ ನೋಡುವುದು.

ಒಮ್ಮೊಮ್ಮೆ ಇಂಗ್ಲಿಷಿಗಿಂತ ನಮ್ಮ ಭಾಷೆಯೇ ಹೆಚ್ಚು ಬಿಡಿಸಿ ಹೇಳುತ್ತದೆ. ಸಿಗರೇಟನ್ನೂ 'ಗಿವ್ ಅಪ್' ಮಾಡುತ್ತಾರೆ, ರೈಲಿನಲ್ಲಿ ಮುದುಕಿಗೆ ಸೀಟನ್ನೂ 'ಗಿವ್ ಅಪ್' ಮಾಡುತ್ತಾರೆ. ಕನ್ನಡದಲ್ಲಿ ಸಿಗರೇಟನ್ನು ಬಿಟ್ಟುಬಿಡುತ್ತೇವೆ, ಸೀಟನ್ನು ಬಿಟ್ಟುಕೊಡುತ್ತೇವೆ. 'ಕೊಡು' ಬಂದ ಕೂಡಲೇ ಆಚೆ ಕಡೆ ಒಬ್ಬನಿಗೆ ಲಾಭವಾಯಿತು ಎಂದು ತಿಳಿಯುತ್ತದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಇದರ ಕೆಲಸ ಇದೆ.

ಇನ್ನು ನುಡಿಗಟ್ಟುಗಳ ಮಾತು. ಇವು ಫ್ರೇಸಲ್ ವರ್ಬುಗಳಷ್ಟು ಕಷ್ಟವಲ್ಲ. ಕಣ್ಣ ಮುಂದೆ ಒಂದು ಚಿತ್ರ ಇದ್ದರೆ ಸಾಕು, ಗಡಿ ದಾಟಿ ಬರುತ್ತವೆ. ಮೊಸಳೆ ಕಣ್ಣೀರು, ಕಪ್ಪು ಹಣ, ಬಿಳಿ ಆನೆ ಎಲ್ಲ ಹಾಗೆ ಬಂದವೇ. ತೆಲುಗಿನಲ್ಲಿಯೂ ಮೊಸಲಿ ಕನ್ನೀರು, ನಲ್ಲಧನಂ ಇವೆ. ಸರ್ಕಾರ ಒಪ್ಪಿಗೆ ಕೊಟ್ಟರೆ ನಮ್ಮ ಪತ್ರಿಕೆಗಳು 'ಹಸಿರು ನಿಶಾನೆ' ಎನ್ನುತ್ತವೆ, ಇಲ್ಲಿಯವು 'ಪಚ್ಚಜೆಂಡಾ' ಎನ್ನುತ್ತವೆ. ವಿಜಯವಾಡ ಜಂಕ್ಷನ್ನಿನಲ್ಲಿ ಗಾರ್ಡಿನ ಕೈಯಲ್ಲಿ ಹಸಿರು ಬಾವುಟ ನೋಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಕೆಂಪು ಪಟ್ಟಿ' ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಡತ ಕಟ್ಟುವ ಕೆಂಪು ದಾರದಿಂದ ಹುಟ್ಟಿದ ಮಾತು ಅದು. ಕನ್ನಡದಲ್ಲಿ ಪಟ್ಟಿ ಎಂದರೆ ಮೊದಲು ನೆನಪಾಗುವುದು ಹೆಸರುಗಳ ಯಾದಿ.

ಚಿತ್ರ ಒಂದೇ ಇದ್ದು ಅರ್ಥ ತಿರುಗುಮುರುಗಾಗುವುದೂ ಉಂಟು. ಇಂಗ್ಲಿಷಿನವನು 'ಗಿವ್ ಎ ಹ್ಯಾಂಡ್' ಅಂದರೆ ಸಹಾಯ ಮಾಡು ಎಂದು. ನಮ್ಮಲ್ಲಿ 'ಅಂವ ಕೈ ಕೊಟ್ಟ' ಅಂದರೆ ನಂಬಿಸಿ ಹೋದ ಎಂದು. ಇಲ್ಲಿಯ ಗೆಳೆಯರು ಇನ್ನೂ ಒಂದು ಹೆಜ್ಜೆ ಮುಂದೆ: 'ಹ್ಯಾಂಡ್ ಇಚ್ಚಾಡು' ಎನ್ನುತ್ತಾರೆ. ಪದ ಇಂಗ್ಲಿಷಿನದು, ಮೋಸ ನಮ್ಮದು! ಟೋಪಿಯನ್ನು ನಾವು 'ಹಾಕುತ್ತೇವೆ', ಅವರು 'ಪೆಡತಾರು'; ಎರಡೂ ಕಡೆ ಹಣ ಹೋಗುವುದು ಒಂದೇ ಥರ. ವ್ಯಾಪಾರ ಮುಳುಗಿದವನನ್ನು ನಮ್ಮ ಕಡೆ 'ಪಾಪರ್ ಎದ್ದ' ಎನ್ನುತ್ತಾರೆ, ವಿಜಯವಾಡದಲ್ಲಿ 'ಐಪಿ ಪೆಟ್ಟಾಡು' ಎನ್ನುತ್ತಾರೆ. ಐಪಿ ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ಕೋರ್ಟಿಗೆ ಕೊಡುವ ದಿವಾಳಿ ಅರ್ಜಿ. ವಕೀಲರ ಕಾಗದದಿಂದ ಇಳಿದು ಬಜಾರಿನ ಬಾಯಿಗೆ ಬಂದ ಮಾತು.

'ಅಪ್ಸ್ ಅಂಡ್ ಡೌನ್ಸ್' ನೋಡಿ. ಬಯಲುಸೀಮೆಯ ನಾವು ಏಳುಬೀಳು ಎನ್ನುತ್ತೇವೆ, ನೆಲದ ಮೇಲೆ ನಡೆಯುವವನ ಮಾತು. ತೆಲುಗಿನಲ್ಲಿ 'ಆಟುಪೋಟ್ಲು' ಎಂಬ ಪದವಿದೆ. ಅದು ಸಮುದ್ರದ ಇಳಿತ-ಉಬ್ಬರ. ವಿಶಾಖಪಟ್ಟಣದ ಬೀಚಿನಲ್ಲಿ ನಿಂತಾಗ ಅದು ಎಷ್ಟು ಸರಿ ಅನ್ನಿಸುತ್ತದೆ. ಹಾಗೆಯೇ ದೀಪ 'ಗೋ ಔಟ್' ಆದರೆ ಹಿರಿಯರು ಆರಿತು ಎನ್ನಲು ಹಿಂಜರಿಯುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ 'ದೀಪ ದೊಡ್ಡದು ಮಾಡು' ಅಂತಾರೆ, ತೆಲುಗರು 'ದೀಪಂ ಕೊಂಡೆಕ್ಕಿಂದಿ', ದೀಪ ಬೆಟ್ಟ ಹತ್ತಿತು, ಅಂತಾರೆ. ಅಂಗಡಿಯೂ ಅಷ್ಟೇ: ರಾತ್ರಿ ಬಾಗಿಲು ಹಾಕುತ್ತಾರೆ. 'ಅಂಗಡಿ ಮುಚ್ಚಿದ' ಅಂದರೆ ಬೇರೆಯೇ ಆಯಿತು, ಅದು 'ಕ್ಲೋಸ್ ಡೌನ್'.

ಈಗ ನಮ್ಮ ಶಾಸ್ತ್ರಕ್ಕೆ ಬರೋಣ. ಮೇಲಿನ ಉದಾಹರಣೆಗಳಲ್ಲಿ ಅನುವಾದ ತಪ್ಪಿದರೆ ನಾಲ್ಕು ಜನ ನಗುತ್ತಾರೆ, ಅಷ್ಟೇ. ಹಣಕಾಸಿನಲ್ಲಿ ತಪ್ಪಿದರೆ ಹಾಗಲ್ಲ. 'ರೈಟ್ ಆಫ್' ಎಂಬ ಒಂದು ಮಾತನ್ನು ಸ್ವಲ್ಪ ವಿವರವಾಗಿ ನೋಡಬೇಕು.

ನಮ್ಮ ದೊಡ್ಡಪ್ಪ ಪರಿಚಯದವರೊಬ್ಬರ ಅಕ್ಕಿ ಗಿರಣಿಯ ಸಾಲಕ್ಕೆ ಜಾಮೀನು ನಿಂತಿದ್ದರು. ಗಿರಣಿ ನಿಂತುಹೋಯಿತು. ಕೆಲವು ವರ್ಷದ ಮೇಲೆ ಆ ಸಾಲ 'ರೈಟ್ ಆಫ್' ಆಗಿದೆ ಎಂದು ಯಾರೋ ಹೇಳಿದರು. ಬ್ಯಾಂಕುಗಳು ಕೋಟಿಗಟ್ಟಲೆ ಸಾಲ 'ಮನ್ನಾ' ಮಾಡಿವೆ ಎಂದು ಪತ್ರಿಕೆಯಲ್ಲಿಯೂ ಬಂದಿತ್ತು. ದೊಡ್ಡಪ್ಪ ಎರಡನ್ನೂ ಕೂಡಿಸಿ, 'ಮನ್ನಾ ಆತಂತ, ಪಾರಾದೆ ನೋಡಪಾ' ಅಂದರು. ಆಮೇಲೆ ಅವರ ಹೆಸರಿಗೆ ನೋಟಿಸು ಬಂತು. 'ಮನ್ನಾ ಮಾಡ್ಯಾರಂತ ಪೇಪರ್ನ್ಯಾಗ ಬಂದದ, ಮತ್ತ ನೋಟಿಸ್ ಯಾಕ?' ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಬ್ಯಾಂಕಿನವರೂ ಸುಳ್ಳು ಹೇಳಿರಲಿಲ್ಲ. ತಪ್ಪಿದ್ದು 'ಮನ್ನಾ' ಎಂಬ ಅನುವಾದದಲ್ಲಿ.

ರೈಟ್ ಆಫ್ ಎಂದರೆ ಏನು? ಸಾಲ ವಸೂಲಾಗುವ ಲಕ್ಷಣ ಇಲ್ಲವೆಂದು ಕಂಡಾಗ ಬ್ಯಾಂಕು ಅದನ್ನು ತನ್ನ ಆಸ್ತಿಯ ಲೆಕ್ಕದಿಂದ ತೆಗೆಯುತ್ತದೆ, ಆ ನಷ್ಟವನ್ನು ಲಾಭದಿಂದ ಭರಿಸುತ್ತದೆ. ಇದು ಬ್ಯಾಂಕಿನ ಪುಸ್ತಕದೊಳಗಿನ ಮಾತು. ಸಾಲಗಾರ ಸಾಲಗಾರನಾಗಿಯೇ ಉಳಿಯುತ್ತಾನೆ, ವಸೂಲಿ ಕ್ರಮ ನಡೆಯುತ್ತಲೇ ಇರುತ್ತದೆ. ಅದಕ್ಕಾಗಿಯೇ ಸಾಲ ವಸೂಲಾತಿ ನ್ಯಾಯಮಂಡಳಿಗಳಿವೆ, ವಿಶಾಖಪಟ್ಟಣದಲ್ಲೂ ಒಂದಿದೆ. ಮನ್ನಾ ಎಂದರೆ ಬೇರೆ: ಇನ್ನು ನೀನು ಕಟ್ಟಬೇಕಿಲ್ಲ ಎಂದು ಹೇಳುವುದು. 2008ರಲ್ಲಿ ಕೇಂದ್ರ ಸರ್ಕಾರ, 2014ರ ನಂತರ ಆಂಧ್ರ ಸರ್ಕಾರ, 2018ರಲ್ಲಿ ಕರ್ನಾಟಕ ಸರ್ಕಾರ ರೈತರ ಸಾಲದ ವಿಷಯದಲ್ಲಿ ಹೇಳಿದ್ದು ಈ ಮಾತು. ಯಾರಿಗೆ ಎಷ್ಟು ಸಿಕ್ಕಿತು ಎಂಬುದು ಬೇರೆ ಚರ್ಚೆ. ಇಂಗ್ಲಿಷಿನಲ್ಲಿ ಅದು 'ವೇವರ್', ತೆಲುಗಿನಲ್ಲಿ 'ಋಣಮಾಫಿ'. ಆದರೆ ಎರಡೂ ಭಾಷೆಯ ಪತ್ರಿಕೆಗಳ ತಲೆಬರಹದಲ್ಲಿ ಎಷ್ಟೋ ಸಲ ರೈಟ್ ಆಫ್‌ಗೂ ಮನ್ನಾ, ಮಾಫಿ ಎಂದೇ ಅಚ್ಚಾಗುತ್ತದೆ. ಚಿಕ್ಕ ಪದ, ತಲೆಬರಹದಲ್ಲಿ ಹಿಡಿಸುತ್ತದೆ.

ನಂಬಿಕೆ ಬರದಿದ್ದರೆ ನಮ್ಮದೇ ಅಕೌಂಟೆನ್ಸಿ ಪುಸ್ತಕ ತೆಗೆಯಿರಿ. ಮೊದಲು ವಸೂಲಾಗದ ಸಾಲವನ್ನು ರೈಟ್ ಆಫ್ ಮಾಡುವ ನಮೂದು ಇದೆ. ಮುಂದೆ 'ಬ್ಯಾಡ್ ಡೆಟ್ಸ್ ರಿಕವರ್ಡ್' ಎಂದು ಇನ್ನೊಂದು ಖಾತೆ ಇದೆ. ಮುಳುಗಿತೆಂದುಕೊಂಡ ಹಣ ಆಮೇಲೆ ಬಂದರೆ ಅದನ್ನು ಸಾಲಗಾರನ ಖಾತೆಗೆ ಜಮಾ ಮಾಡದೆ ಇದಕ್ಕೆ ಜಮಾ ಮಾಡಿ ಲಾಭಕ್ಕೆ ಒಯ್ಯುತ್ತೇವೆ. ಮೊದಲೇ ಮನ್ನಾ ಆಗಿದ್ದರೆ ಹಣ ಎಲ್ಲಿಂದ ಬರಬೇಕು?

ಜಾಮೀನುದಾರನಿಗಂತೂ ಈ ಎರಡು ಪದಗಳ ನಡುವೆ ಭೂಮಿ-ಆಕಾಶದ ಅಂತರ. 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. 134ನೇ ಕಲಮಿನ ಪ್ರಕಾರ ಸಾಲ ಕೊಟ್ಟವನು ಸಾಲಗಾರನನ್ನು ಕರಾರಿನಿಂದ ಬಿಡುಗಡೆ ಮಾಡಿದರೆ ಜಾಮೀನುದಾರನೂ ಬಿಡುಗಡೆ. ಅಂದರೆ ನಿಜವಾದ ಮನ್ನಾ ಆಗಿದ್ದರೆ ನಮ್ಮ ದೊಡ್ಡಪ್ಪ ಪಾರಾಗಿರುತ್ತಿದ್ದರು. ಬರೀ ರೈಟ್ ಆಫ್ ಆದದ್ದರಿಂದ ಪಾರಾಗಲಿಲ್ಲ. ತೆಲುಗಿನಲ್ಲಿ ಜಾಮೀನಿಗೆ 'ಪೂಚೀಕತ್ತು' ಎನ್ನುತ್ತಾರೆ. ಹೆಸರು ಯಾವುದಾದರೂ ಕುತ್ತಿಗೆ ಒಂದೇ.

ಹಾಗಾದರೆ ಕನ್ನಡದಲ್ಲಿ ಏನೆಂದು ಬರೆಯಬೇಕು? ಮೇಲೆ ಹೇಳಿದ ಎರಡನೆಯ ಕ್ರಿಯಾಪದವೇ ಇಲ್ಲಿ ದಾರಿ ತೋರಿಸುತ್ತದೆ. ವೇವರ್ ಎಂದರೆ ಸಾಲ ಬಿಟ್ಟುಕೊಡುವುದು. 'ಕೊಡು' ಇದೆ, ಆಚೆ ಕಡೆಯವನಿಗೆ ಲಾಭ ಇದೆ. ರೈಟ್ ಆಫ್ ಎಂದರೆ ಲೆಕ್ಕದಿಂದ ತೆಗೆದುಹಾಕುವುದು. 'ಹಾಕು' ಇದೆ, ಯಾರಿಗೂ ಏನೂ ಕೊಟ್ಟಿಲ್ಲ. 'ಬ್ಯಾಂಕುಗಳು ಇಷ್ಟು ಸಾಲವನ್ನು ಲೆಕ್ಕದಿಂದ ತೆಗೆದುಹಾಕಿವೆ' ಎಂದು ಬರೆದರೆ ತಲೆಬರಹ ಸ್ವಲ್ಪ ಉದ್ದವಾಗುತ್ತದೆ. ಆಗಲಿ. ಓದಿದವನು 'ಲೆಕ್ಕದಿಂದ ತೆಗೆದರೆ ಸಾಲ ಏನಾಯಿತು?' ಎಂದಾದರೂ ಕೇಳುತ್ತಾನೆ.

ಇದರ ತಮ್ಮ 'ರೈಟ್ ಡೌನ್'. ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದರೆ ಬರೆದುಕೊಳ್ಳಿ ಎಂದರ್ಥ. ಗೋದಾಮಿನ ಸರಕನ್ನು ರೈಟ್ ಡೌನ್ ಮಾಡಿದರು ಅಂದರೆ ಬೆಲೆ ಇಳಿಸಿ ಬರೆದರು. ಇನ್ನೊಂದು 'ಸೆಟ್ ಆಫ್'. ಇದಕ್ಕೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ಸಿಂಧನೂರಿನ ದಲಾಲಿ ಅಂಗಡಿಯಲ್ಲಿ ರೈತ ಭತ್ತ ಹಾಕಿ ಹಣ ಕೇಳಿದರೆ ಸಾಹುಕಾರ ಏನು ಮಾಡುತ್ತಾನೆ? ಹಳೆಯ ಸಾಲಕ್ಕೆ ಮುರಿದುಕೊಳ್ಳುತ್ತಾನೆ. ಅದೇ ಸೆಟ್ ಆಫ್. ಇಲ್ಲಿಯವರು 'ಬಾಕೀಕಿ ಜಮ ಚೇಸುಕುನ್ನಾಡು' ಎನ್ನುತ್ತಾರೆ. ಎರಡರಲ್ಲೂ 'ಕೊಳ್ಳು' ಇರುವುದನ್ನು ಗಮನಿಸಿ, ಲಾಭ ಮುರಿದುಕೊಂಡವನಿಗೆ! ಬ್ಯಾಂಕು ಠೇವಣಿಯನ್ನು ಸಾಲಕ್ಕೆ ಮುರಿದುಕೊಳ್ಳುವ ಹಕ್ಕು ಎಂದು ಬರೆದರೆ ನಮ್ಮ ಊರಿನ ಯಾವ ರೈತನಿಗೂ ಅರ್ಥವಾದೀತು.

'ಲೇ ಆಫ್' ಕೂಡ ಹೀಗೇ ಕೆಡುತ್ತಿರುವ ಪದ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಅದಕ್ಕೆ ಕೆಲಸದಿಂದ ತೆಗೆಯುವುದು ಎಂಬ ಅರ್ಥ ಇರಲಿಲ್ಲ. ಕಲ್ಲಿದ್ದಲು, ವಿದ್ಯುತ್ತು, ಕಚ್ಚಾಮಾಲು ಇಲ್ಲದೆ ಅಥವಾ ಯಂತ್ರ ಕೆಟ್ಟು ಕೆಲಸ ಕೊಡಲಾಗದಿದ್ದಾಗ ಹೆಸರು ತೆಗೆಯದೆ ಕಾರ್ಮಿಕರನ್ನು ಕೂರಿಸುವುದು ಲೇ ಆಫ್. ಅರ್ಹರಾದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಪರಿಹಾರವೂ ಇತ್ತು. ಈಗ ಪತ್ರಿಕೆಗಳಲ್ಲಿ ಲೇ ಆಫ್ ಅಂದರೆ ಸೀದಾ ಮನೆಗೆ. ಕನ್ನಡದಲ್ಲಿ ಒಂದು 'ಕೂರಿಸಿದರು', ಇನ್ನೊಂದು 'ತೆಗೆದುಹಾಕಿದರು'. ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳೋಣ.

ಅಭ್ಯಾಸಕ್ಕೆ ಮೂರು ಮಾತು ಕೊಡುತ್ತೇನೆ, ಬಳಗದ ಮುಂದಿನ ಸಭೆಗೆ ಬರೆದುಕೊಂಡು ಬನ್ನಿ. ಮೊದಲನೆಯದು, ಕಂಪನಿ 'ವೈಂಡ್ ಅಪ್' ಆಯಿತು. ಎರಡನೆಯದು, ಪಾಲುದಾರ ಮಾತುಕತೆ ಮುಗಿದ ಮೇಲೆ 'ಬ್ಯಾಕ್ ಔಟ್' ಮಾಡಿದ. ಮೂರನೆಯದು, ಗುಮಾಸ್ತ ಲೆಕ್ಕವನ್ನು 'ಮೇಕ್ ಅಪ್' ಮಾಡಿದ. ಈ ಕೊನೆಯದಕ್ಕೆ ಸಿದ್ಧಪಡಿಸಿದ ಎಂದೂ ಅರ್ಥ, ಸುಳ್ಳು ಸೃಷ್ಟಿಸಿದ ಎಂದೂ ಅರ್ಥ. ಕನ್ನಡದ 'ಲೆಕ್ಕ ಹೊಂದಿಸಿದ' ಎಂಬುದರಲ್ಲೂ ಎರಡೂ ಅಡಗಿವೆ. ಎರಡನ್ನೂ ಬೇರೆ ಬೇರೆ ಮಾಡಿ ಬರೆಯಿರಿ.