ಲಾರಿ ಎಲ್ಲಿ ಹೊಳ್ಳಬೇಕು?

ಗಜೇಂದ್ರಗಡದ ಕಾಲಕಾಲೇಶ್ವರ ವೃತ್ತದ ಆಸುಪಾಸಿನಲ್ಲಿ ಸಂಜೆ ಹೊತ್ತು ದೊಡ್ಡ ಲಾರಿಯೊಂದು ಹೊಳ್ಳುವುದನ್ನು ನಿಂತು ನೋಡಬೇಕು. ಕ್ಲೀನರ್ ಕೆಳಗಿಳಿದು ಬಾಡಿಗೆ ಅಂಗೈಯಿಂದ ಬಡಿಯುತ್ತಾನೆ, ‘ಬರ್ಲಿ, ಬರ್ಲಿ, ಬರ್ಲಿ... ಹಾಂ, ಸಾಕ್!’ ಮೂತಿ ಎದುರಂಗಡಿಯ ಕಟ್ಟೆ ಮುಟ್ಟುವಷ್ಟು ಮುಂದೆ ಹೋಗಿ, ಹಿಂದೆ ಸರಿದು, ಮತ್ತೆ ಮುಂದೆ. ಅಷ್ಟರಲ್ಲಿ ರೋಣದ ಬಸ್ಸು ಒಂದು ಬದಿಗೆ, ಕುಷ್ಟಗಿ ಕಡೆಯ ಟಂಟಂ ಇನ್ನೊಂದು ಬದಿಗೆ ಹಾರ್ನ್ ಒತ್ತುತ್ತ ನಿಲ್ಲುತ್ತವೆ. ತಾಳ್ಮೆಗೆಟ್ಟ ಬೈಕಿನವನು ಲಾರಿಯ ಹಿಂಬದಿ ಸಂದಿಯಲ್ಲಿ ನುಸುಳುತ್ತಾನೆ. ಅವನ ಹಿಂದೆ ಸೈಕಲ್ ಮೇಲೆ ಶಾಲೆಯ ಹುಡುಗ.

‘ರಸ್ತೆ ಇಂವ್ರಪ್ಪಂದು ಅಂತ ತಿಳದಾನ’ ಎಂದು ನಿಂತವರು ಬೈಯುತ್ತಾರೆ. ‘ಮತ್ತೆಲ್ಲಿ ಹೊಳ್ಳಿಸ್ಲಿರಿ ಅಣ್ಣಾರ, ನೀವ ಹೇಳ್ರಿ’ ಎಂದು ಚಾಲಕ ಕೇಳುತ್ತಾನೆ. ಬೈಗುಳಕ್ಕೆ ಆಧಾರವಾಗುವ ಕಾನೂನು ಇದೆ. ಆದರೆ ಚಾಲಕನ ಪ್ರಶ್ನೆಯೂ ಕಾನೂನಿನ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡಬೇಕಾದವರು ವೃತ್ತದಲ್ಲಿ ನಿಂತವರಲ್ಲ, ಗದಗದ ಜಿಲ್ಲಾಡಳಿತ ಭವನದಲ್ಲಿ ಕೂತವರು. ಮೊದಲನೆಯದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಎರಡನೆಯದನ್ನು ಕೇಳುವವರು ಕಡಿಮೆ.

1989ರ ಹಳೆಯ ರಸ್ತೆ ವಿನಿಯಮಗಳ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ (ಚಾಲನೆ) ವಿನಿಯಮಗಳು ಬಂದವು. ಯೂ-ಟರ್ನ್ ನಿಷೇಧದ ಫಲಕ ಇರುವಲ್ಲಿ ಹೊಳ್ಳಿಸಬಾರದು, ವಾಹನ ದಟ್ಟಣೆಯ ರಸ್ತೆಯಲ್ಲಿ ಹೊಳ್ಳಿಸಬಾರದು, ರಸ್ತೆ ನಡುವಿನ ಅಖಂಡ ಗೆರೆಯನ್ನು ದಾಟಿ ಹೊಳ್ಳಿಸಬಾರದು ಎನ್ನುತ್ತವೆ ಅವು. ಅವಕಾಶ ಇರುವಲ್ಲಿಯೂ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ರಸ್ತೆ ತೆರವಾಗುವವರೆಗೆ ಕಾಯಬೇಕು. ಇಲ್ಲಿ ಲಾರಿಗೊಂದು ನಿಯಮ, ಸ್ಕೂಟಿಗೊಂದು ನಿಯಮ ಎಂದಿಲ್ಲ. ‘ದೊಡ್ಡ ಲಾರಿ ಗಿಜಿಗುಡುವ ರಸ್ತೆಯಲ್ಲಿ ಯೂ-ಟರ್ನ್ ಹೊಡೆಯಬಹುದೇ’ ಎಂದು ಕೇಳಿದರೆ, ಲಾರಿ ಇರಲಿ, ಬೈಕೂ ಹೊಡೆಯುವಂತಿಲ್ಲ ಎಂಬುದೇ ಉತ್ತರ. ಲಾರಿಯನ್ನು ಬೈಯುವ ನಮ್ಮಲ್ಲಿ ಎಷ್ಟು ಜನ ಜೋಡು ರಸ್ತೆಯಲ್ಲಿ ಡಿವೈಡರ್ ಸಂದಿ ಕಂಡಕೂಡಲೇ ಗಾಡಿ ತಿರುವುತ್ತೇವೆ ಎಂಬುದನ್ನು ಇಲ್ಲಿ ಲೆಕ್ಕ ಹಾಕುವುದು ಬೇಡ.

ತೊಡಕು ಇರುವುದು ‘ದಟ್ಟಣೆ’ ಎಂಬ ಮಾತಿನಲ್ಲಿ. ಗಂಟೆಗೆ ಇಷ್ಟು ಗಾಡಿ ಓಡಾಡಿದರೆ ದಟ್ಟಣೆ ಎಂದು ಯಾರೂ ಅಳತೆ ಕೊಟ್ಟಿಲ್ಲ. ಸಂತೆಯ ದಿನ ಕಾಲಿಡಲು ಜಾಗವಿಲ್ಲದ ರಸ್ತೆ ರಾತ್ರಿ ಹನ್ನೊಂದಕ್ಕೆ ಬಿಕೋ ಎನ್ನುತ್ತದೆ. ಫಲಕವಿಲ್ಲದ ಕಡೆ ‘ಆಗ ಗಾಡಿ ಇರ್ಲಿಲ್ರಿ’ ಎಂದು ಚಾಲಕ ವಾದಿಸಬಹುದು, ಇತ್ತು ಎಂದು ಪೊಲೀಸರು ರುಜುವಾತು ಮಾಡಬೇಕಾಗುತ್ತದೆ. ಫಲಕ ನೆಟ್ಟರೆ ಈ ವಾದಕ್ಕೇ ಎಡೆಯಿಲ್ಲ. ತಗಡಿನ ಆ ಒಂದು ಫಲಕಕ್ಕೆ ಅಷ್ಟು ಬೆಲೆ ಇದೆ.

ನಮ್ಮ ಊರುಗಳಲ್ಲಿ ಲಾರಿ ಯೂ-ಟರ್ನ್ ತೆಗೆದುಕೊಳ್ಳುವುದೇ ಇಲ್ಲ ಎಂದರೂ ತಪ್ಪಲ್ಲ, ಅದು ಮಾಡುವುದು ಮೂರು ನಾಲ್ಕು ಸಲ ರಿವರ್ಸ್. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟ್ರೇಲರ್ ಅಲ್ಲದ ಸಾಮಾನ್ಯ ಲಾರಿ 12 ಮೀಟರ್ ಉದ್ದದವರೆಗೆ ಇರಬಹುದು, ಅಗಲ 2.6 ಮೀಟರ್. ಎರಡು ಪಥದ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 7 ಮೀಟರ್. ಅಷ್ಟುದ್ದದ ಲಾರಿ ಒಂದೇ ಏಟಿಗೆ ಸುತ್ತಲು 20 ಮೀಟರಿಗೂ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಅಡ್ಡ ನಿಂತಷ್ಟು ಹೊತ್ತು ಅಲ್ಲಿ ರಸ್ತೆ ಎಂಬುದೇ ಇರುವುದಿಲ್ಲ. ಇನ್ನೊಬ್ಬರಿಗೆ ಅಪಾಯವಿಲ್ಲ ಎಂದು ಖಾತ್ರಿಯಾಗದೆ ಗಾಡಿಯನ್ನು ಹಿಂದಕ್ಕೆ ತರಬಾರದು ಎಂಬುದೂ ವಿನಿಯಮದಲ್ಲಿಯೇ ಇದೆ. ಲಾರಿಯ ಮೂತಿ ಬಲಕ್ಕೆ ತಿರುಗಿದಾಗ, ಹಿಂದಿನ ಗಾಲಿಗಳಿಂದಾಚೆ ಚಾಚಿದ ಬಾಡಿ ಎಡಕ್ಕೆ ಬೀಸುತ್ತದೆ. ಹಿಂಬದಿ ಸಂದಿಯಲ್ಲಿ ನುಸುಳುವ ಸೈಕಲ್ ಹುಡುಗ ಸಿಕ್ಕಿಕೊಳ್ಳುವುದು ಆ ಮೂಲೆಯಲ್ಲಿ. ಚಾಲಕನ ಕನ್ನಡಿಗೆ ಕಾಣದ ಮೂಲೆಯೂ ಅದೇ. ಇನ್ನು ರಾತ್ರಿ ಅಡ್ಡ ನಿಂತ ಲಾರಿಯ ಹೆಡ್‌ಲೈಟು ಒಂದು ಬದಿಯ ಅಂಗಡಿಗೆ, ಹಿಂದಿನ ಕೆಂಪು ದೀಪ ಇನ್ನೊಂದು ಬದಿಯ ಗೋಡೆಗೆ. ಎದುರು ಬರುವ ಬೈಕಿಗೆ ಕಾಣಬೇಕಾದದ್ದು ಪಕ್ಕದ ಹಳದಿ ಪ್ರತಿಫಲನ ಪಟ್ಟಿ ಮಾತ್ರ. ಎರೆಮಣ್ಣಿನ ಸೀಮೆಯಲ್ಲಿ ಓಡಾಡುವ ಗಾಡಿಯ ಮೇಲೆ ಆ ಪಟ್ಟಿ ಎಷ್ಟು ದಿನ ಹಳದಿಯಾಗಿರುತ್ತದೆ?

ದಂಡದ ಮಾತಿಗೆ ಬಂದರೆ, ಚಾಲನಾ ವಿನಿಯಮ ಮುರಿದವರಿಗೆ ಮೋಟಾರು ವಾಹನ ಕಾಯ್ದೆಯ ಕಲಂ 177ಎ ಅಡಿ 500ರಿಂದ 1,000 ರೂಪಾಯಿ. ಅಪಾಯಕಾರಿ ಚಾಲನೆ ಎಂದು ಸಾಬೀತಾದರೆ ಕಲಂ 184: ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದ ಸೆರೆ, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 285ರಲ್ಲಿ 5,000 ರೂಪಾಯಿವರೆಗೆ ದಂಡವಿದೆ. ಸ್ಥಳದಲ್ಲೇ ಕಟ್ಟುವ ಮೊತ್ತವನ್ನು ರಾಜ್ಯ ಸರ್ಕಾರ ಬೇರೆಯಾಗಿ ಗೊತ್ತುಮಾಡುತ್ತದೆ. ಇವನ್ನೆಲ್ಲ ವಸೂಲು ಮಾಡಬೇಕಾದದ್ದೇ. ಆದರೆ ರಸೀದಿ ಹರಿದು ಕೊಟ್ಟ ಮೇಲೂ ಆ ಲಾರಿ ಹೊಳ್ಳಬೇಕಲ್ಲ?

ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಲಾರಿಗೆ ಅಡ್ಡ ನಿಂತು ಕೀಲಿ ಕಿತ್ತುಕೊಳ್ಳುವ, ಚಾಲಕನನ್ನು ಕೆಳಗೆಳೆಯುವ ಅಧಿಕಾರ ಸಾರ್ವಜನಿಕರಿಗಿಲ್ಲ. ಯಾರನ್ನೇ ಆಗಲಿ ಅಕ್ರಮವಾಗಿ ತಡೆದರೆ ನ್ಯಾಯ ಸಂಹಿತೆಯ ಕಲಂ 126 ತಡೆದವರ ಮೇಲೆಯೇ ಬೀಳುತ್ತದೆ. ನೋಂದಣಿ ಸಂಖ್ಯೆ ಕಾಣುವಂತೆ ಫೋಟೊ ತೆಗೆದು, ಸಮಯ ಬರೆದು ಠಾಣೆಗೆ ಕೊಡಿ. ತುರ್ತಿದ್ದರೆ 112.

ಇನ್ನು ಚಾಲಕನ ಪ್ರಶ್ನೆ. ಭಾನಾಪುರದಿಂದ ಗದ್ದನಕೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 367 ಗಜೇಂದ್ರಗಡವನ್ನು ಹಾದುಹೋಗುತ್ತದೆ. ನೇರ ಹೋಗುವ ಲಾರಿಗೆ ಊರಲ್ಲಿ ಹೊಳ್ಳುವ ಕೆಲಸವೇ ಇಲ್ಲ. ಹೊಳ್ಳುವುದು ಊರಿಗೆಂದೇ ಬಂದ ಲಾರಿ: ಗೊಬ್ಬರ, ಸಿಮೆಂಟು, ಕಬ್ಬಿಣ ಇಳಿಸಲು ಬಂದದ್ದು, ಉಳ್ಳಾಗಡ್ಡಿ, ಕಡಲೆ, ಗೋವಿನಜೋಳ ಹೇರಲು ಬಂದದ್ದು. ಅದು ಯಾವ ಹೊತ್ತಿಗೆ ಬರಬೇಕು, ಎಲ್ಲಿ ನಿಲ್ಲಬೇಕು, ಯಾವ ಬೀದಿಯಿಂದ ಹೊರಬೀಳಬೇಕು ಎಂದು ಯಾರೂ ಗೊತ್ತುಮಾಡದಿದ್ದರೆ ಅದು ಎಲ್ಲಿ ಬಂತೋ ಅಲ್ಲಿಯೇ ಹೊಳ್ಳುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ರೆಕ್ಕೆ ಹೊತ್ತು ಬರುವ ಟ್ರೇಲರುಗಳ ಕತೆಯೇ ಬೇರೆ. ಮಿತಿ ಮೀರಿದ ಉದ್ದಕ್ಕೆ ವಿಶೇಷ ಅನುಮತಿ ಇಲ್ಲದೆ ಅವು ರಸ್ತೆಗಿಳಿಯುವಂತಿಲ್ಲ.

ಲಾರಿಯ ಹೊತ್ತು, ದಾರಿ ಗೊತ್ತುಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ ಮೂರು ಕಲಮುಗಳಲ್ಲಿದೆ. ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಯಾವುದೇ ಬಗೆಯ ವಾಹನವನ್ನು ಯಾವುದೇ ರಸ್ತೆಯಲ್ಲಿ ನಿರ್ಬಂಧಿಸಲು ಕಲಂ 115, ಫಲಕ ನೆಡಲು 116, ನಿಲುಗಡೆ ಸ್ಥಳ ಗುರುತಿಸಲು 117. ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221(ಎ) ಈ ಅಧಿಕಾರವನ್ನು ಜಿಲ್ಲೆಯ ಮಟ್ಟಕ್ಕೆ ತಂದಿದೆ. ಯಾವುದೋ ಘಾಟಿಯಲ್ಲಿ ಭಾರಿ ವಾಹನ ನಿಷೇಧಿಸಿ ಜಿಲ್ಲಾಧಿಕಾರಿ ಆದೇಶ ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಅಂಥ ಆದೇಶಗಳ ತಲೆಯ ಮೇಲೆ ಇವೇ ಅಂಕಿಗಳಿರುತ್ತವೆ. ಘಾಟಿಗೆ ಬಳಸುವ ಕಲಮನ್ನು ಪೇಟೆಗೂ ಬಳಸಬಹುದು. ನಿರ್ಬಂಧ ಒಂದು ತಿಂಗಳೊಳಗಿನದಾದರೆ ಸ್ಥಳೀಯ ಪ್ರಚಾರ ಸಾಕು, ಅದಕ್ಕೂ ಹೆಚ್ಚಿನದಾದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕು. ನಿರ್ಬಂಧ ಹೇರಿದರೆ ಫಲಕ ಹಾಕಿಸುವುದೂ ಕಡ್ಡಾಯ.

ಅರ್ಜಿ ಬರೆಯುವಾಗ ಸಿಟ್ಟನ್ನು ಬದಿಗಿಡಿ. ‘ಲಾರಿಗಳ ಹಾವಳಿ ತಡೆಯಿರಿ’ ಎಂಬ ಅರ್ಜಿ ಕಡತದಲ್ಲಿ ಮಲಗುತ್ತದೆ, ಯಾಕೆಂದರೆ ಅದರ ಮೇಲೆ ಏನು ಆದೇಶ ಬರೆಯಬೇಕು ಎಂಬುದು ಅಧಿಕಾರಿಗೂ ತಿಳಿಯುವುದಿಲ್ಲ. ಒಂದು ವಾರ ಅಂಗಡಿ ಕಟ್ಟೆಯ ಮೇಲೆ ಕೂತು ಟಿಪ್ಪಣಿ ಮಾಡಿ: ಯಾವ ಜಾಗ, ಎಷ್ಟು ಹೊತ್ತಿಗೆ, ಎಷ್ಟು ಲಾರಿ, ಎಷ್ಟು ನಿಮಿಷ ರಸ್ತೆ ಬಂದ್. ಆಮೇಲೆ ಬೇಡಿಕೆ ಬಿಡಿಸಿ ಬರೆಯಿರಿ. ಶಾಲೆ ಸೇರುವ ಮತ್ತು ಬಿಡುವ ವೇಳೆಗೆ ಇಂಥ ರಸ್ತೆಗೆ ಭಾರಿ ವಾಹನ ಬಿಡಬಾರದು, ಇಂಥ ಡಿವೈಡರ್ ಸಂದಿಯಲ್ಲಿ ಯೂ-ಟರ್ನ್ ನಿಷೇಧದ ಫಲಕ ಬೇಕು, ಸರಕು ಇಳಿಸಲು ಇಂತಿಂಥ ಗಂಟೆ ಮೀಸಲಿಡಬೇಕು, ಊರ ಹೊರಗೆ ಇಂಥಲ್ಲಿ ಲಾರಿ ನಿಲ್ಲಲು, ಹೊಳ್ಳಲು ಜಾಗ ಗುರುತಿಸಬೇಕು. ಕೊನೆಯದನ್ನು ಮಾತ್ರ ಬಿಡಬೇಡಿ. ಹೊಳ್ಳುವ ಜಾಗ ಕೊಡದೆ ಫಲಕವೊಂದನ್ನೇ ನೆಟ್ಟರೆ ಲಾರಿ ಪಕ್ಕದ ಓಣಿಗೆ ನುಗ್ಗುತ್ತದೆ, ಓಣಿಯವರು ಮತ್ತೊಂದು ಅರ್ಜಿ ಬರೆಯುತ್ತಾರೆ.

ಅರ್ಜಿ ಜಿಲ್ಲಾಧಿಕಾರಿಯ ಹೆಸರಿಗೆ. ಅವರೇ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು. ಪ್ರತಿ ಜಿಲ್ಲೆಯಲ್ಲೂ ಇಂಥ ಸಮಿತಿ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2017ರ ನವೆಂಬರ್ 30ರಂದು ನಿರ್ದೇಶನ ಕೊಟ್ಟಿದೆ. ಪ್ರತಿಗಳನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ಗದಗದ ಪ್ರಾದೇಶಿಕ ಸಾರಿಗೆ ಅಧಿಕಾರಿ, ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ, ಪುರಸಭೆ ಮುಖ್ಯಾಧಿಕಾರಿ, ಊರಿನ ಪೊಲೀಸ್ ಠಾಣೆಗೆ ಕೊಡಿ. ಕಟ್ಟಡದ ಚಾಚು, ಮೆಟ್ಟಿಲು, ಶೆಡ್ಡುಗಳು ರಸ್ತೆಯನ್ನೇ ನುಂಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಉಪವಿಭಾಗಾಧಿಕಾರಿಯ ಮುಂದೆ ತೆರವಿಗೆ ದೂರು ಕೊಡಬಹುದು. ಆದರೆ ಈ ಹೆಸರಿನಲ್ಲಿ ಮೊದಲು ಎತ್ತಂಗಡಿಯಾಗುವುದು ಬಾಳೆಹಣ್ಣಿನ ತಳ್ಳುಗಾಡಿ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ ಎಂಬುದು ನೆನಪಿರಲಿ.

ಅವಘಡ ಆಗಿಬಿಟ್ಟರೆ ಮೊದಲು 108. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳು, ಸಾಕ್ಷಿ ಹೇಳು ಎಂದು ಒತ್ತಾಯಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ ಕಲಂ 134ಎ ಅವರನ್ನು ಕಾಯುತ್ತದೆ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಏಳು ದಿನದವರೆಗೆ ತಲಾ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ ಸಿಗುತ್ತದೆ. ಚಾಲಕ ಗಾಯಾಳುವಿಗೆ ನೆರವಾಗಬೇಕು, ಪೊಲೀಸರಿಗೆ ತಿಳಿಸಬೇಕು. ಸಾವಿಗೆ ಕಾರಣರಾಗಿ, ಹಾಗೆ ತಿಳಿಸದೆ ಪರಾರಿಯಾದವರಿಗೆ ಹತ್ತು ವರ್ಷದವರೆಗೆ ಸೆರೆ ಎಂಬ ನ್ಯಾಯ ಸಂಹಿತೆಯ 106(2)ನೇ ಉಪಕಲಮಿನ ವಿರುದ್ಧವೇ 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿಗಳು ನಿಂತದ್ದು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ಹೊರಗಿಡಲಾಯಿತು. ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಸೆರೆ ಎಂಬ 106(1) ಜಾರಿಯಲ್ಲಿದೆ.

ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಪೊಲೀಸರು 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು, ವಿವರವಾದ ವರದಿಗೆ 90 ದಿನ. ಪರಿಹಾರಕ್ಕೆ ಮೋಟಾರು ವಾಹನ ಕಾಯ್ದೆಯ ಕಲಂ 166ರ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಿಬಿಡಿ, ಅಪಘಾತವಾದ ಊರಿನ ವ್ಯಾಪ್ತಿಯಲ್ಲಿಯೂ ಹಾಕಬಹುದು, ನೀವು ವಾಸವಿರುವಲ್ಲಿಯೂ ಹಾಕಬಹುದು. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ.

ಅಡ್ಡ ನಿಂತ ಲಾರಿಗೆ ಬೈಕ್ ಗುದ್ದಿದ ಪ್ರಕರಣಗಳಲ್ಲಿ ವಿಮಾ ಕಂಪನಿ ಮೊದಲು ಎತ್ತುವ ವಾದ, ‘ಅಷ್ಟು ದೊಡ್ಡ ಲಾರಿ ಬೈಕಿನವನಿಗೆ ಕಾಣಲಿಲ್ಲವೇ?’ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ದೀಪವಿಲ್ಲದೆ ಹೆದ್ದಾರಿ ನಡುವೆ ಬಿಟ್ಟುಹೋದ ಹದಿನಾಲ್ಕು ಗಾಲಿಯ ಲಾರಿಗೆ ಕಾರು ಗುದ್ದಿದ ಪ್ರಕರಣದಲ್ಲಿ ಕಾರಿನವರ ತಲೆಗೆ ಕಟ್ಟಿದ್ದ ಅರ್ಧ ತಪ್ಪನ್ನು ತೆಗೆದುಹಾಕಿತು. ಆದರೆ 2025ರ ಜುಲೈನಲ್ಲಿ, ಸೂಚನೆ ಕೊಡದೆ ಹೆದ್ದಾರಿಯಲ್ಲಿ ಹಠಾತ್ತನೆ ಬ್ರೇಕ್ ಹಾಕಿದ ಕಾರಿನವನದೇ ಮುಖ್ಯ ತಪ್ಪು ಎಂದ ಅದೇ ಕೋರ್ಟ್, ಹಿಂದೆ ಬೈಕಿನಲ್ಲಿ ಬರುತ್ತಿದ್ದ ಗಾಯಾಳುವಿನ ಮೇಲೂ ಶೇ 20ರಷ್ಟು ಹೊಣೆ ಹೊರಿಸಿತು. ಅಂತರ ಕಾಯ್ದುಕೊಂಡಿರಲಿಲ್ಲ, ಲೈಸೆನ್ಸ್ ಇರಲಿಲ್ಲ. ಹಾಗಾಗಿ ಲಾರಿ ಅಡ್ಡ ನಿಂತ ಜಾಗದ ಫೋಟೊ, ಬೀದಿದೀಪ ಇತ್ತೋ ಇಲ್ಲವೋ, ಪಕ್ಕದ ಅಂಗಡಿಯ ಕ್ಯಾಮೆರಾ, ಇವನ್ನು ಅಂದೇ ಉಳಿಸಿಕೊಳ್ಳಬೇಕು. ವಕೀಲರ ಶುಲ್ಕಕ್ಕೆ ಹಿಂದೇಟು ಬೇಡ. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು, ಆದಾಯ ಮಿತಿಯೊಳಗಿನವರಿಗೆ ರೋಣದ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಮತ್ತೆ ನಮ್ಮ ಅರ್ಜಿಗೆ. ಟಪಾಲು ವಿಭಾಗದ ಮೊಹರು, ಇನ್‌ವರ್ಡ್ ನಂಬರು, ತಾರೀಖು ಇಲ್ಲದೆ ಕಚೇರಿಯಿಂದ ಹೊರಬರಬೇಡಿ. ತಿಂಗಳಾದರೂ ಸದ್ದಿಲ್ಲದಿದ್ದರೆ ಆ ನಂಬರನ್ನೇ ಹಿಡಿದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಿದರೆ ಉತ್ತರ ಜಾರಿಕೊಳ್ಳುತ್ತದೆ. ‘ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಪೊಲೀಸ್ ಮತ್ತು ಹೆದ್ದಾರಿ ವಿಭಾಗದ ವರದಿಗಳ ಪ್ರತಿ ಕೊಡಿ’ ಎಂದು ಕೇಳಿ. ಮೂವತ್ತು ದಿನದಲ್ಲಿ ಕೊಡದಿದ್ದರೆ ಅಲ್ಲಿಂದ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂಬುದು ಆ ಟಿಪ್ಪಣಿ ಹಾಳೆಯಲ್ಲಿ ಕಾಣುತ್ತದೆ. ಮುಂದಿನ ಅರ್ಜಿ ಆ ಮೇಜಿನವರ ಹೆಸರಿಗೆ.